ಗೆಝೆಟಿನ ಹೆಸರಿನಲ್ಲಿರುವ ಆ ಇನ್‌ಸ್ಟಿಟ್ಯೂಟ್ ಯಾವುದು?

ಉರ್ದು ಪತ್ರಿಕೋದ್ಯಮದ ಚರಿತ್ರೆಯಲ್ಲಿ 'ಅಲಿಗಢ ಇನ್‌ಸ್ಟಿಟ್ಯೂಟ್ ಗೆಝೆಟ್' ಎಂಬ ಹೆಸರು ಬಾರದೆ ಇರುವುದಿಲ್ಲ. ಸರ್ ಸಯ್ಯದ್ ಅಹ್ಮದ್ ಖಾನರ ಜನ್ಮದಿನವಾದ ಅಕ್ಟೋಬರ್ 17ರಂದು ನಡೆಯುವ ಸಭೆಗಳಲ್ಲಿ ಭಾಷಣಕಾರರು ಈ ಪತ್ರಿಕೆಯನ್ನು ನೆನೆಯುತ್ತಾರೆ. "ಸರ್ ಸಯ್ಯದರು ತಮ್ಮ ಕಾಲೇಜಿನಿಂದ ಹೊರಡಿಸುತ್ತಿದ್ದ ಪತ್ರಿಕೆ" ಎಂದು ಒಂದೇ ಮಾತಿನಲ್ಲಿ ಹೇಳಿ ಮುಂದೆ ಹೋಗುವುದೇ ಹೆಚ್ಚು. ಇನ್‌ಸ್ಟಿಟ್ಯೂಟ್ ಎಂದರೆ ವಿದ್ಯಾಸಂಸ್ಥೆ, ಅಲಿಗಢದ ವಿದ್ಯಾಸಂಸ್ಥೆ ಎಂದರೆ ಕಾಲೇಜು ಎಂಬ ಲೆಕ್ಕಾಚಾರ ಮೇಲ್ನೋಟಕ್ಕೆ ಸರಿಯಾಗಿಯೇ ಕಾಣುತ್ತದೆ.

ಆದರೆ ಇಸವಿಗಳು ಈ ಲೆಕ್ಕಾಚಾರಕ್ಕೆ ಒಪ್ಪುವುದಿಲ್ಲ. ಗೆಝೆಟಿನ ಮೊದಲ ಸಂಚಿಕೆ ಹೊರಬಂದದ್ದು 1866ರ ಮಾರ್ಚ್ 30ರಂದು. ಅಲಿಗಢದ ಮದ್ರಸತುಲ್ ಉಲೂಮ್ ಮಕ್ಕಳಿಗೆ ಬಾಗಿಲು ತೆರೆದದ್ದು 1875ರ ಮೇ 24ರಂದು. ಮುಹಮ್ಮಡನ್ ಆಂಗ್ಲೋ ಓರಿಯೆಂಟಲ್ ಕಾಲೇಜಿಗೆ ವೈಸ್‌ರಾಯ್ ಲಾರ್ಡ್ ಲಿಟ್ಟನ್ ಶಿಲಾನ್ಯಾಸ ಮಾಡಿದ್ದು 1877ರ ಜನವರಿಯಲ್ಲಿ. ಅಂದರೆ ಕಾಲೇಜು ಹುಟ್ಟುವುದಕ್ಕೆ ಒಂಬತ್ತು ವರ್ಷ ಮೊದಲೇ ಪತ್ರಿಕೆ ಹುಟ್ಟಿತ್ತು. ಹಾಗಾದರೆ ಅದರ ಹೆಸರಿನಲ್ಲಿದ್ದ ಇನ್‌ಸ್ಟಿಟ್ಯೂಟ್ ಯಾವುದು? ಅದು ಎಲ್ಲಿತ್ತು, ಅದನ್ನು ಕಟ್ಟಿದವರು ಯಾರು, ಅದೇನಾಯಿತು?

ಇಂದು ಇಂತಹ ಪ್ರಶ್ನೆ ಬೇರೆ ಕಾರಣಕ್ಕೆ ಏಳುತ್ತದೆ. ಭಾರೀ ಹೆಸರಿನ 'ಅಂತಾರಾಷ್ಟ್ರೀಯ ವೈಜ್ಞಾನಿಕ ಸಂಸ್ಥೆ'ಗಳು ಸಂಶೋಧನಾ ಪತ್ರಿಕೆಗಳನ್ನು ಹೊರಡಿಸುತ್ತವೆ. ಹುಡುಕಿಕೊಂಡು ಹೋದರೆ ವಿಳಾಸದಲ್ಲಿ ಒಂದು ಬಾಡಿಗೆ ಕೋಣೆಯೂ ಇರುವುದಿಲ್ಲ. ಅಲಿಗಢದ ಕತೆ ಇದಕ್ಕೆ ತದ್ವಿರುದ್ಧ. ಅಲ್ಲಿ ಕಟ್ಟಡವಿತ್ತು, ಮುದ್ರಣಾಲಯವಿತ್ತು, ಪುಸ್ತಕಗಳಿದ್ದವು, ಗೋಧಿ ಬಿತ್ತಿ ನೋಡುವ ಹೊಲವೂ ಇತ್ತು. ಕಾಣೆಯಾದದ್ದು ಗುರುತು ಮಾತ್ರ.

ಪತ್ರಿಕೆಯ ಇನ್ನೊಂದು ಹೆಸರು

ಮೊದಲ ಸುಳಿವು ಪತ್ರಿಕೆಯ ತಲೆಬರಹದಲ್ಲೇ ಇದೆ. ಇಂಗ್ಲಿಷಿನಲ್ಲಿ 'ಅಲಿಗಢ ಇನ್‌ಸ್ಟಿಟ್ಯೂಟ್ ಗೆಝೆಟ್' ಎನ್ನಿಸಿಕೊಂಡ ಈ ಪತ್ರಿಕೆಗೆ ಉರ್ದುವಿನಲ್ಲಿ 'ಅಖ್ಬಾರ್ ಸೈಂಟಿಫಿಕ್ ಸೊಸೈಟಿ' ಎಂಬ ಹೆಸರಿತ್ತು. ಇಂಗ್ಲಿಷ್ ಹೆಸರನ್ನು ಮಾತ್ರ ನೋಡಿದವರಿಗೆ ಅದು ಕಾಲೇಜಿನ ಪತ್ರಿಕೆಯಂತೆ ಕಂಡರೆ ಆಶ್ಚರ್ಯವಿಲ್ಲ. ಉರ್ದು ಹೆಸರನ್ನು ಓದಿದವರು ಮಾತ್ರ 'ಯಾವ ಸೈಂಟಿಫಿಕ್ ಸೊಸೈಟಿ?' ಎಂದು ಕೇಳಬಲ್ಲರು. ಆ ಸೊಸೈಟಿ ಅಲಿಗಢದಲ್ಲಿ ತನಗಾಗಿ ಕಟ್ಟಿಕೊಂಡ ಮನೆಯ ಹೆಸರೇ ಇನ್‌ಸ್ಟಿಟ್ಯೂಟ್. 1866ರ ಫೆಬ್ರವರಿಯಲ್ಲಿ ಆ ಕಟ್ಟಡ ಉದ್ಘಾಟನೆಯಾಯಿತು; ಮರುತಿಂಗಳೇ ಪತ್ರಿಕೆ ಹೊರಟಿತು. ಒಂದೇ ಸಂಸ್ಥೆಗೆ ಉರ್ದುವಿನಲ್ಲಿ ಸಂಘದ ಹೆಸರು, ಇಂಗ್ಲಿಷಿನಲ್ಲಿ ಕಟ್ಟಡದ ಹೆಸರು. ಮುಂದಿನ ಗೊಂದಲಕ್ಕೆಲ್ಲ ಇಷ್ಟೇ ಸಾಕಾಯಿತು.

ಸೊಸೈಟಿ ಹುಟ್ಟಿದ್ದು ಅಲಿಗಢದಲ್ಲೂ ಅಲ್ಲ, ಗಂಗೆಯ ದಡದ ಗಾಝೀಪುರದಲ್ಲಿ. ಸರ್ ಸಯ್ಯದರು ಆಗಿನ್ನೂ 'ಸರ್' ಆಗಿರಲಿಲ್ಲ. ಕಂಪೆನಿ ಸರಕಾರದಲ್ಲಿ ಕೆಲಸಕ್ಕೆ ಸೇರಿ, 1857ರ ದಂಗೆಯನ್ನು ಬಿಜನೋರಿನಲ್ಲಿ ಕಣ್ಣಾರೆ ಕಂಡು, ಮುರಾದಾಬಾದಿನ ನಂತರ 1862ರಲ್ಲಿ ಗಾಝೀಪುರಕ್ಕೆ ವರ್ಗವಾಗಿ ಬಂದಿದ್ದ ಒಬ್ಬ ನ್ಯಾಯಾಂಗ ಅಧಿಕಾರಿ. 1863ರ ಅಕ್ಟೋಬರಿನಲ್ಲಿ ಅವರು ಕಲಕತ್ತೆಗೆ ಹೋಗಿ ನವಾಬ್ ಅಬ್ದುಲ್ ಲತೀಫರ ಮುಹಮ್ಮಡನ್ ಲಿಟರರಿ ಸೊಸೈಟಿಯಲ್ಲಿ ಫಾರಸಿಯಲ್ಲಿ ಉಪನ್ಯಾಸ ಕೊಟ್ಟರು. ಅದೇ ವರ್ಷ ಹಿಂದೂಸ್ತಾನದ ನಿವಾಸಿಗಳಿಗೆ ಶಿಕ್ಷಣದ ಕುರಿತು ಒಂದು ಮನವಿಯನ್ನು ಅಚ್ಚು ಹಾಕಿಸಿದರು. 1864ರ ಜನವರಿ 9ರಂದು ಗಾಝೀಪುರದಲ್ಲಿ ಸಭೆ ಸೇರಿ ಸೊಸೈಟಿ ಸ್ಥಾಪನೆಯಾಯಿತು. ಅಲ್ಲಿನ ಪೊಲೀಸ್ ಅಧಿಕಾರಿ ಗ್ರಹಾಂ ಸಯ್ಯದರ ಜೊತೆಗಿದ್ದರು; 1885ರಲ್ಲಿ ಸಯ್ಯದರ ಜೀವನಚರಿತ್ರೆಯನ್ನು ಇಂಗ್ಲಿಷಿನಲ್ಲಿ ಬರೆದವರು ಇವರೇ. ಡ್ಯೂಕ್ ಆಫ್ ಅರ್ಗೈಲ್ ಪೋಷಕರಾಗಲು ಒಪ್ಪಿದರು. ನಾಲ್ಕು ತಿಂಗಳಲ್ಲಿ ಸಯ್ಯದರಿಗೆ ಅಲಿಗಢಕ್ಕೆ ವರ್ಗವಾಯಿತು. ಅವರೊಂದಿಗೆ ಸೊಸೈಟಿಯೂ ಗಂಟುಮೂಟೆ ಕಟ್ಟಿತು. ಇಂದು ಅಲಿಗಢ ಎಂಬ ಊರಿನ ಹೆಸರಿಗೆ ಅಂಟಿಕೊಂಡಿರುವ ಚರಿತ್ರೆಗೆಲ್ಲ ಮೂಲ ಒಂದು ಸರಕಾರೀ ವರ್ಗಾವಣೆ ಆದೇಶ!

ಸೊಸೈಟಿಯ ಉದ್ದೇಶ ಸರಳವಾಗಿತ್ತು. ಇಂಗ್ಲಿಷ್ ಮತ್ತು ಇತರ ಯುರೋಪಿಯನ್ ಭಾಷೆಗಳಲ್ಲಿದ್ದು ಇಲ್ಲಿಯ ಜನರಿಗೆ ಅರ್ಥವಾಗದ ವಿದ್ಯೆ, ವಿಜ್ಞಾನಗಳ ಗ್ರಂಥಗಳನ್ನು ಜನ ಬಳಸುವ ಭಾಷೆಗೆ ತರುವುದು. ಪೂರ್ವದೇಶಗಳ ಅಪರೂಪದ ಹಳೆಯ ಗ್ರಂಥಗಳನ್ನು ಹುಡುಕಿ ಅಚ್ಚು ಹಾಕುವುದು. ಪತ್ರಿಕೆ ನಡೆಸುವುದು, ಉಪಕರಣಗಳನ್ನು ಇಟ್ಟುಕೊಂಡು ವಿಜ್ಞಾನ ಉಪನ್ಯಾಸ ಏರ್ಪಡಿಸುವುದು ಆಮೇಲೆ ಸೇರಿಕೊಂಡವು. ಇವೆಲ್ಲದರ ಜೊತೆಗೆ ಒಂದು ಕಟ್ಟುನಿಟ್ಟಿನ ನಿಯಮ: ಧಾರ್ಮಿಕ ಗ್ರಂಥ ಯಾವುದೇ ಇರಲಿ, ಸೊಸೈಟಿ ಅದನ್ನು ಕೈಗೆತ್ತಿಕೊಳ್ಳಕೂಡದು. ಮಿಶನರಿಗಳು, ಮೌಲವಿಗಳು, ಪಂಡಿತರು ಬೀದಿಬೀದಿಯಲ್ಲಿ ವಾದಕ್ಕಿಳಿಯುತ್ತಿದ್ದ ಕಾಲ ಅದು. ಸ್ವತಃ ಸಯ್ಯದರು ಅದೇ ಹೊತ್ತಿನಲ್ಲಿ ಬೈಬಲಿಗೆ ವ್ಯಾಖ್ಯಾನ ಬರೆಯುತ್ತಿದ್ದರು. ಅದಕ್ಕೆಂದೇ ಉರ್ದು, ಇಂಗ್ಲಿಷ್, ಹೀಬ್ರೂ ಅಚ್ಚುಮೊಳೆಗಳಿದ್ದ ಸ್ವಂತ ಮುದ್ರಣಾಲಯವನ್ನು ತರಿಸಿದ್ದರು. ಆ ಮುದ್ರಣಾಲಯವನ್ನು ಅವರು ಸೊಸೈಟಿಗೆ ಬಿಟ್ಟುಕೊಟ್ಟರು, ತಮ್ಮ ವ್ಯಾಖ್ಯಾನವನ್ನು ಮಾತ್ರ ಸೊಸೈಟಿಯಿಂದ ಹೊರಗಿಟ್ಟರು.

ಭೂಮಿ ತಿರುಗುವುದಿಲ್ಲ ಎಂದವರು

ಈ ಸೊಸೈಟಿಯನ್ನು ಕಟ್ಟಿದವರಿಗೆ ವಿಜ್ಞಾನ ಹುಟ್ಟಿನಿಂದ ಬಂದ ಸಂಪತ್ತೇನೂ ಆಗಿರಲಿಲ್ಲ. 1848ರಲ್ಲಿ ಸಯ್ಯದ್ ಅಹ್ಮದರು ಒಂದು ಕಿರುಹೊತ್ತಗೆ ಬರೆದಿದ್ದರು. 'ಖೌಲೆ ಮತೀನ್ ದರ್ ಇಬ್ತಾಲೆ ಹರ್ಕತೆ ಝಮೀನ್' ಎಂಬುದು ಅದರ ಹೆಸರು. ಭೂಮಿಯ ಚಲನೆಯ ಖಂಡನೆಗೆ ಒಂದು ದೃಢವಾದ ಮಾತು ಎಂದು ಅರ್ಥ. ಭೂಮಿ ನಿಂತಲ್ಲೇ ನಿಂತಿದೆ ಎಂದು ಅದರಲ್ಲಿ ವಾದಿಸಿದ್ದರು. ಅದನ್ನು ಅಜ್ಞಾನ ಎಂದು ನಗುವವರು ಒಂದು ಮಾತನ್ನು ಗಮನಿಸಬೇಕು. ಅವರ ತಾಯಿಯ ತಂದೆ ಖ್ವಾಜಾ ಫರೀದುದ್ದೀನರು ಗಣಿತ ಮತ್ತು ಖಗೋಳದಲ್ಲಿ ಹೆಸರಾದವರು. ಸಯ್ಯದರು ಸೋದರಮಾವನ ಹತ್ತಿರ ಗಣಿತ, ಖಗೋಳ ಉಪಕರಣಗಳ ಬಳಕೆ ಕಲಿತಿದ್ದರು. ಅವರು ಕಲಿತದ್ದು ಗ್ರೀಕರಿಂದ ಅರಬರ ಮೂಲಕ ಬಂದ ಹಳೆಯ ಖಗೋಳ. ಆ ವಿದ್ಯೆಯೊಳಗೆ ನಿಂತು ಅವರು ಹೊಸದನ್ನು ವಿರೋಧಿಸಿದ್ದರು. ಹದಿನಾರು ವರ್ಷಗಳ ನಂತರ ಅದೇ ವ್ಯಕ್ತಿ ಹೊಸ ವಿಜ್ಞಾನವನ್ನು ಉರ್ದುವಿಗೆ ತರಲು ಸಂಘ ಕಟ್ಟಿದರು. ಯಾರಿಗಾದರೂ ಅವರವರ ಭಾಷೆಯಲ್ಲಿ ಪುಸ್ತಕ ಸಿಕ್ಕಿದರೆ ಮನಸ್ಸು ಬದಲಾಗಬಹುದು ಎಂಬ ನಂಬಿಕೆಗೆ ಅವರೇ ಒಂದು ಸಾಕ್ಷಿ.

ಉರ್ದುವಿನಲ್ಲಿ ವಿಜ್ಞಾನ ಎಂಬುದು ಅವರ ಸ್ವಂತ ಕಲ್ಪನೆಯೂ ಅಲ್ಲ. ದಂಗೆಗೆ ಮುಂಚಿನ ದಿಲ್ಲಿ ಕಾಲೇಜಿನಲ್ಲಿ ಗಣಿತ, ವಿಜ್ಞಾನಗಳನ್ನು ಉರ್ದುವಿನಲ್ಲೇ ಕಲಿಸುತ್ತಿದ್ದರು. ಅಲ್ಲೊಂದು ಅನುವಾದ ಸಂಘವಿತ್ತು. ಅಲ್ಲಿಯ ಗಣಿತದ ಮೇಷ್ಟ್ರು ರಾಮಚಂದ್ರರು 1845ರಲ್ಲಿ 'ಫವಾಯಿದುನ್ನಾಝಿರೀನ್', 1847ರಲ್ಲಿ 'ಮುಹಿಬ್ಬೆ ಹಿಂದ್' ಎಂಬ ಪತ್ರಿಕೆಗಳನ್ನು ಉರ್ದುವಿನಲ್ಲಿ ಹೊರಡಿಸಿ ವಿಜ್ಞಾನದ ಸಂಗತಿಗಳನ್ನು ಬರೆದರು. ಗರಿಷ್ಠ ಕನಿಷ್ಠಗಳ ಮೇಲಿನ ಅವರ ಗಣಿತ ಗ್ರಂಥ 1850ರಲ್ಲಿ ಕಲಕತ್ತೆಯಲ್ಲಿ ಅಚ್ಚಾಯಿತು. ಇಂಗ್ಲೆಂಡಿನ ಗಣಿತಜ್ಞ ಡಿ ಮಾರ್ಗನ್ ಅದನ್ನು ಮೆಚ್ಚಿ 1859ರಲ್ಲಿ ಲಂಡನಿನಲ್ಲಿ ಮರುಮುದ್ರಣ ಮಾಡಿಸಿದರು. ಈ ಎರಡು ಮುದ್ರಣಗಳ ನಡುವೆ ಬಂದದ್ದು 1857. ಕಾಲೇಜಿನ ಪ್ರಿನ್ಸಿಪಾಲ್ ಟೇಲರ್ ಕೊಲೆಯಾದರು, ಗ್ರಂಥಾಲಯ ಲೂಟಿಯಾಯಿತು.

ದಿಲ್ಲಿಯಲ್ಲಿ ಚದುರಿದ ಕಾಳುಗಳು ಮೊಳೆತದ್ದು ಅಲಿಗಢದಲ್ಲಿ. ಸೊಸೈಟಿಗಾಗಿ ಟಾಡ್‌ಹಂಟರನ ಗಣಿತ ಪುಸ್ತಕಗಳನ್ನು ಉರ್ದುವಿಗೆ ತಂದವರು ರಾಮಚಂದ್ರರ ಶಿಷ್ಯ ಮುನ್ಷಿ ಝಕಾವುಲ್ಲಾ. ಜಾನ್ ಸ್ಟುವರ್ಟ್ ಮಿಲ್‌ನ ಅರ್ಥಶಾಸ್ತ್ರವನ್ನು ಉರ್ದು ಮಾಡಿದವರು ಪಂಡಿತ ಧರ್ಮನಾರಾಯಣ. ಅವರೂ ದಿಲ್ಲಿ ಕಾಲೇಜಿನವರೇ. ಎಲ್ಫಿನ್‌ಸ್ಟನ್‌ನ ಹಿಂದೂಸ್ತಾನದ ಇತಿಹಾಸ, ರೋಲಿನ್‌ನ ಪ್ರಾಚೀನ ಇತಿಹಾಸದ ಭಾಗಗಳು, ಹ್ಯಾರಿಸ್‌ನ ವಿದ್ಯುಚ್ಛಕ್ತಿಯ ಪ್ರಾಥಮಿಕ ಪುಸ್ತಕ, ಸ್ಕಾಟ್ ಬರ್ನ್‌ನ ಕೃಷಿ ಪುಸ್ತಕ ಹೀಗೆ ಒಂದೊಂದಾಗಿ ಬಂದವು. ಸಾಮಾನ್ಯವಾಗಿ ಹೇಳುವ ಲೆಕ್ಕ ಸುಮಾರು 40 ಪುಸ್ತಕಗಳು. ಬೀಜಗಣಿತದ ಪುಸ್ತಕವನ್ನು ಅನುವಾದಿಸುವಾಗ ಝಕಾವುಲ್ಲಾರಿಗೆ ಒಂದು ಸಣ್ಣ ನಗು ಬಂದಿರಲಿಕ್ಕೂ ಸಾಕು: ಅರಬರ 'ಅಲ್‌ಜಬ್ರ್' ಯುರೋಪಿಗೆ ಹೋಗಿ ಆಲ್ಜೀಬ್ರಾ ಆಗಿ, ಹಡಗು ಹತ್ತಿ ಹಿಂದೂಸ್ತಾನಕ್ಕೆ ಬಂದು ಮತ್ತೆ 'ಜಬ್ರ್ ಒ ಮುಕಾಬಲಾ' ಆಗಿತ್ತು.

ಇನ್‌ಸ್ಟಿಟ್ಯೂಟಿನ ಸುತ್ತಲ ಜಮೀನಿನಲ್ಲಿ ಹೊಸ ಬಿತ್ತನೆ ಬೀಜಗಳನ್ನು, ಹೊಸ ಕೃಷಿ ಸಲಕರಣೆಗಳನ್ನು ಪರೀಕ್ಷಿಸಿ ಜಮೀನ್ದಾರರಿಗೆ ತೋರಿಸುತ್ತಿದ್ದರು. ಸ್ಕಾಟ್ ಬರ್ನ್‌ನ ಪುಸ್ತಕದಲ್ಲಿ ಹೇಳಿದ ರೀತಿಯಲ್ಲೇ ಗೋಧಿ ಬೆಳೆದು ನೋಡಿದರು. ನನಗೆ ಸೊಸೈಟಿಯ ಇಡೀ ಚರಿತ್ರೆಯಲ್ಲಿ ಬಹಳ ಹಿಡಿಸಿದ ಸಂಗತಿ ಇದು. ಅನುವಾದಿಸಿದ ಪುಸ್ತಕವನ್ನು ಕಪಾಟಿನಲ್ಲಿಡದೆ ಹೊಲಕ್ಕೆ ಇಳಿಸಿದವರು ನಮ್ಮಲ್ಲಿ ಎಷ್ಟು ಮಂದಿ ಇದ್ದಾರೆ?

ಹಾಗೆಂದು ಎಲ್ಲವನ್ನೂ ಹೊಗಳುವ ಅಗತ್ಯವಿಲ್ಲ. ಹೊಲಕ್ಕೆ ಬಂದು ನೋಡಿದವರು ಜಮೀನಿನ ಒಡೆಯರು, ಉತ್ತವರಲ್ಲ. ಸದಸ್ಯರಲ್ಲಿದ್ದವರು ರಾಜರು, ರಈಸರು, ಸರಕಾರೀ ಅಧಿಕಾರಿಗಳು, ವಕೀಲರು. ನೇಕಾರನ ಮಗ, ಕಮ್ಮಾರನ ಮಗ ಈ ಸಭಾಂಗಣದ ಲೆಕ್ಕಕ್ಕೆ ಬಂದಂತಿಲ್ಲ. ವಿಜ್ಞಾನವೂ ಅವರಿಗೆ ಯುರೋಪಿನಲ್ಲಿ ಸಿದ್ಧವಾದ ಸರಕು; ಅದನ್ನು ಇಳಿಸಿಕೊಳ್ಳಬೇಕಿತ್ತು, ಅಷ್ಟೆ. 1867ರಲ್ಲಿ ಬನಾರಸಿಗೆ ವರ್ಗವಾದ ಮೇಲೆ ಸಯ್ಯದರು ಹೋಮಿಯೋಪಥಿಯ ದೊಡ್ಡ ಪ್ರಚಾರಕರಾಗಿ ಅಲ್ಲೊಂದು ಆಸ್ಪತ್ರೆ ಶುರುವಾಗಲು ಓಡಾಡಿದರು. ವಿದ್ಯುಚ್ಛಕ್ತಿ ಎಷ್ಟು ನವೀನವೋ ಹೋಮಿಯೋಪಥಿಯೂ ಅವರಿಗೆ ಅಷ್ಟೇ ನವೀನ.

ರಾಜಾ ಜೈಕಿಶನ್ ದಾಸ್

ಸಯ್ಯದರು ಬನಾರಸಿಗೆ ಹೋದಾಗ ಸೊಸೈಟಿ ಯಾರ ಕೈಯಲ್ಲಿ ಉಳಿಯಿತು? ಸಂಸ್ಥೆಯ ಗುರುತು ಹುಡುಕುವವರು ಈ ಪ್ರಶ್ನೆಯನ್ನು ತಪ್ಪದೆ ಕೇಳಬೇಕು. ಉತ್ತರ: ರಾಜಾ ಜೈಕಿಶನ್ ದಾಸ್. ಮುರಾದಾಬಾದಿನ ಈ ಡೆಪ್ಯೂಟಿ ಕಲೆಕ್ಟರರು ಸೊಸೈಟಿಯ ಕಾರ್ಯದರ್ಶಿಯಾಗಿ ಪತ್ರಿಕೆಯನ್ನೂ ಅನುವಾದಗಳನ್ನೂ ನಡೆಸಿಕೊಂಡು ಹೋದರು.

ಇವರಿಬ್ಬರ ಗೆಳೆತನ ಆರಂಭವಾದ ಬಗೆಯನ್ನು ಮೌಲಾನಾ ಹಾಲಿಯವರು 1901ರ 'ಹಯಾತೆ ಜಾವೀದ್'ನಲ್ಲಿ ದಾಖಲಿಸಿದ್ದಾರೆ. ದಂಗೆಯ ನಂತರ ಸರಕಾರಕ್ಕೆ ನಿಷ್ಠರಾಗಿದ್ದ ಮುಸ್ಲಿಮರ ಕುರಿತು ಸಯ್ಯದರು ಬರೆದ ಹೊತ್ತಗೆಗಳನ್ನು ನೋಡಿ, ಇವರು ತಮ್ಮವರ ಪಕ್ಷಪಾತಿ ಎಂದು ಜೈಕಿಶನ್ ದಾಸರು ತಿಳಿದಿದ್ದರಂತೆ. ಆಮೇಲೆ ಮುರಾದಾಬಾದಿಗೆ ಬರಗಾಲ ಬಂತು. ಗಂಜಿಕೇಂದ್ರದ ಹೊಣೆ ಸಯ್ಯದರ ಮೇಲೆ ಬಿತ್ತು. ಅಲ್ಲಿ ಹಿಂದೂ, ಮುಸ್ಲಿಮ್ ಎನ್ನದೆ ರೋಗಿಗಳನ್ನೂ ಹಸಿದವರನ್ನೂ ಅವರು ನೋಡಿಕೊಂಡ ರೀತಿಯನ್ನು ಕಂಡ ಮೇಲೆ ಜೈಕಿಶನ್ ದಾಸರ ಅನುಮಾನ ಹೋಯಿತು. ಆ ಸ್ನೇಹ ಮುರಿಯಲಿಲ್ಲ.

ಇದೇ ಜೈಕಿಶನ್ ದಾಸರ ಹೆಸರು ಇನ್ನೊಂದು ಚರಿತ್ರೆಯಲ್ಲೂ ಬರುತ್ತದೆ. ದಯಾನಂದ ಸರಸ್ವತಿಯವರನ್ನು ತಮ್ಮ ವಿಚಾರಗಳನ್ನು ಗ್ರಂಥವಾಗಿ ಬರೆಯಿರಿ ಎಂದು ಒತ್ತಾಯಿಸಿ, 1875ರಲ್ಲಿ ಬನಾರಸಿನಲ್ಲಿ 'ಸತ್ಯಾರ್ಥ ಪ್ರಕಾಶ'ದ ಮೊದಲ ಮುದ್ರಣದ ಖರ್ಚು ಹೊತ್ತವರು ಅವರೇ. ಅಲಿಗಢದ ಮದ್ರಸ ತೆರೆದ ವರ್ಷವೂ ಅದೇ. ಆ ಮೊದಲ ಮುದ್ರಣದಲ್ಲಿ 12 ಅಧ್ಯಾಯಗಳಷ್ಟೇ ಇದ್ದವು. ಕ್ರೈಸ್ತ ಧರ್ಮವನ್ನೂ ಇಸ್ಲಾಮನ್ನೂ ಖಂಡಿಸುವ ಕೊನೆಯ ಎರಡು ಅಧ್ಯಾಯಗಳು ಸೇರಿದ್ದು 1884ರ ಮುದ್ರಣದಲ್ಲಿ. ಇದರಿಂದ ಆತುರದ ತೀರ್ಮಾನಕ್ಕೆ ಹೋಗಬೇಕಾಗಿಲ್ಲ. ಒಬ್ಬ ಮನುಷ್ಯ ಸೈಂಟಿಫಿಕ್ ಸೊಸೈಟಿಯ ಕಾರ್ಯದರ್ಶಿಯಾಗಿ ಉರ್ದು ಪತ್ರಿಕೆ ನಡೆಸಿ, ಕೆಲವು ವರ್ಷಗಳ ನಂತರ 'ಸತ್ಯಾರ್ಥ ಪ್ರಕಾಶ' ಅಚ್ಚು ಹಾಕಿಸುವುದು ಆ ಕಾಲದಲ್ಲಿ ಸಾಧ್ಯವಿತ್ತು ಎಂಬುದಷ್ಟನ್ನೇ ಗಮನಿಸೋಣ. ಆರ್ಯ ಸಮಾಜದ ಚರಿತ್ರೆ ಓದುವವರಿಗೆ ಅವರು ದಯಾನಂದರ ಅಭಿಮಾನಿ, ಅಲಿಗಢದ ಚರಿತ್ರೆ ಓದುವವರಿಗೆ ಸರ್ ಸಯ್ಯದರ ಗೆಳೆಯ. ಎರಡೂ ಕಡೆ ಒಬ್ಬರೇ ಇದ್ದಾರೆಂದು ತಿಳಿಯಬೇಕಾದರೆ ಎರಡೂ ಪುಸ್ತಕಗಳನ್ನು ಓದಿರಬೇಕು.

ಹೆಸರುಗಳ ಗೋಜಲು ಇಷ್ಟಕ್ಕೇ ನಿಲ್ಲುವುದಿಲ್ಲ. ಅಲಿಗಢದ ಮಾದರಿಯಲ್ಲಿ 1868ರಲ್ಲಿ ಬಿಹಾರದ ಮುಝಫ್ಫರಪುರದಲ್ಲೂ ಒಂದು ಸಂಘ ಹುಟ್ಟಿ, ಬಿಹಾರ್ ಸೈಂಟಿಫಿಕ್ ಸೊಸೈಟಿ ಎಂಬ ಹೆಸರು ಪಡೆಯಿತು. ಅದರ ಪತ್ರಿಕೆ 'ಅಖ್ಬಾರುಲ್ ಅಖ್ಯಾರ್'. ಕಟ್ಟಿದವರು ಅಲ್ಲಿನ ನ್ಯಾಯಾಧೀಶ ಸಯ್ಯದ್ ಇಮ್ದಾದ್ ಅಲಿ. ಸರ್ ಸಯ್ಯದರ ವಿರುದ್ಧ ಫತ್ವಾಗಳನ್ನು ಕಲೆಹಾಕಿದ ಕಾನ್‌ಪುರದ ಡೆಪ್ಯೂಟಿ ಕಲೆಕ್ಟರರ ಹೆಸರು ಇಮ್ದಾದುಲ್ ಅಲಿ. ಒಬ್ಬರು ಸಂಘ ಕಟ್ಟಿದವರು, ಇನ್ನೊಬ್ಬರು ಕಟ್ಟಿದವರನ್ನು ಕಾಫಿರ್ ಎನ್ನಿಸಲು ಹೊರಟವರು. ಅವಸರದಲ್ಲಿ ಓದಿದವರಿಗೆ ಇಬ್ಬರೂ ಒಂದೇ ಆಗಿ ಕಾಣುವ ಅಪಾಯವಿದೆ.

ಯಾವ ಭಾಷೆ, ಯಾವ ಲಿಪಿ?

ಗೆಝೆಟಿನ ಪುಟಗಳು ಉರ್ದು, ಇಂಗ್ಲಿಷ್ ಎರಡರಲ್ಲೂ ಇರುತ್ತಿದ್ದವು. ಕೆಲವು ಬರಹಗಳು ಉರ್ದುವಿನಲ್ಲಿ ಮಾತ್ರ, ಕೆಲವು ಇಂಗ್ಲಿಷಿನಲ್ಲಿ ಮಾತ್ರ, ಅನೇಕವು ಎದುರುಬದುರು ಅಂಕಣಗಳಲ್ಲಿ ಎರಡೂ ಭಾಷೆಯಲ್ಲಿ. ಆಳುವವರ ಮಾತು ಜನರಿಗೆ, ಜನರ ಮಾತು ಆಳುವವರಿಗೆ ತಲುಪಲಿ ಎಂಬುದು ಲೆಕ್ಕ. ಮುದ್ರಣ ಸ್ವಾತಂತ್ರ್ಯವನ್ನು ಕೊಡುವುದು ವಿವೇಕವುಳ್ಳ ಸರಕಾರದ ಕೆಲಸ, ಅದನ್ನು ಉಳಿಸಿಕೊಳ್ಳುವುದು ಸ್ವತಂತ್ರ ಪ್ರಜೆಗಳ ಕೆಲಸ ಎಂಬ ಅರ್ಥದ ಮಾತನ್ನು ಪತ್ರಿಕೆ ತನ್ನ ಧ್ಯೇಯವಾಗಿ ಅಚ್ಚು ಹಾಕಿಕೊಂಡಿತ್ತು. ದಂಗೆಯ ನಂತರ 'ದೆಹಲಿ ಉರ್ದು ಅಖ್ಬಾರ್'ನ ಮೌಲವಿ ಮುಹಮ್ಮದ್ ಬಾಖರರನ್ನು ಕೊಂದುಹಾಕಿದ್ದು ಜನರ ನೆನಪಿನಲ್ಲಿನ್ನೂ ಹಸಿಯಾಗಿದ್ದಾಗ ಈ ಮಾತು ಬರೆಯಲು ಎದೆ ಬೇಕಿತ್ತು.

1867ರ ಆಗಸ್ಟ್ 1ರಂದು ಇದೇ ಬಳಗದವರು ಬ್ರಿಟಿಷ್ ಇಂಡಿಯನ್ ಅಸೋಸಿಯೇಶನ್ ಹೆಸರಿನಲ್ಲಿ ವೈಸ್‌ರಾಯರಿಗೆ ಅರ್ಜಿ ಬರೆದರು. ದೇಶಭಾಷೆಯಲ್ಲೇ ಉನ್ನತ ಶಿಕ್ಷಣ ಕೊಟ್ಟು ಪರೀಕ್ಷೆ ನಡೆಸುವ ಒಂದು ವಿಶ್ವವಿದ್ಯಾಲಯ ಬೇಕು ಎಂಬುದು ಬೇಡಿಕೆ. ಸರಕಾರ ಸವಿಮಾತು ಆಡಿತು, ಆದರೆ ಅಂತಹ ಶಿಕ್ಷಣಕ್ಕೆ ಬೇಕಾದಷ್ಟು ಪುಸ್ತಕಗಳು ಎಲ್ಲಿವೆ ಎಂದು ಕೇಳಿತು. ಕನ್ನಡದಲ್ಲಿ ವಿಜ್ಞಾನ ಕಲಿಸಬೇಕು ಎನ್ನುವವರಿಗೆ ಇಂದಿಗೂ ಕೊಡುವ ಉತ್ತರ ಇದಕ್ಕಿಂತ ಬೇರೆಯಲ್ಲ.

ಸರಕಾರದ ಉತ್ತರಕ್ಕಿಂತ ದೊಡ್ಡ ಪೆಟ್ಟು ಒಳಗಿನಿಂದ ಬಂತು. ದೇಶಭಾಷೆ ಎಂದರೆ ಯಾವುದು? ಅದೇ 1867ರಲ್ಲಿ ಬನಾರಸಿನ ಕೆಲವು ಗಣ್ಯರು ಕಚೇರಿಗಳಲ್ಲಿ ಉರ್ದುವಿನ ಜಾಗಕ್ಕೆ ನಾಗರಿ ಲಿಪಿಯ ಹಿಂದಿ ಬರಬೇಕೆಂದು ಚಳವಳಿ ಆರಂಭಿಸಿದರು. 1868ರಲ್ಲಿ ಬಾಬು ಶಿವಪ್ರಸಾದರು ಕಚೇರಿಗಳ ಲಿಪಿಯ ಬಗ್ಗೆ ಮನವಿಪತ್ರ ಬರೆದರು. 'ಸಿತಾರೆ ಹಿಂದ್' ಎಂಬ ಅಪ್ಪಟ ಫಾರಸಿ ಬಿರುದಿನಿಂದಲೇ ಈ ಹಿಂದಿ ಅಭಿಮಾನಿ ಪ್ರಸಿದ್ಧರಾದರು ಎಂಬುದು ಚರಿತ್ರೆಯ ತಮಾಷೆ. ವಾದ ಸೊಸೈಟಿಯ ಒಳಕ್ಕೂ ಬಂತು. ಸಯ್ಯದರು ಆಗ ಲಂಡನಿನಲ್ಲಿದ್ದರು. ಸೊಸೈಟಿಯ ಪತ್ರಿಕೆ ಮತ್ತು ಅನುವಾದಗಳು ಹಿಂದಿಯಲ್ಲಿ ಆಗಬೇಕೆಂದು ಹಿಂದೂ ಸದಸ್ಯರಲ್ಲಿ ಕೂಗೆದ್ದಿದೆ ಎಂಬ ಸುದ್ದಿ ತಿಳಿದು, 1870ರ ಏಪ್ರಿಲ್ 29ರಂದು ಅವರು ಗೆಳೆಯ ಮೆಹದಿ ಅಲಿಯವರಿಗೆ, ಮುಂದೆ ಮುಹ್ಸಿನುಲ್ ಮುಲ್ಕ್ ಎಂದು ಹೆಸರಾದವರಿಗೆ, ಕಾಗದ ಬರೆದರು. ಇನ್ನು ಎರಡು ಸಮುದಾಯಗಳ ಒಗ್ಗಟ್ಟು ಸಾಧ್ಯವಿಲ್ಲವೆಂಬ ನೋವು ಆ ಕಾಗದದಲ್ಲಿದೆ.

ಆ ನೋವು ನಿಜ. ಆದರೆ ಇನ್ನೊಂದು ಪಕ್ಕವೂ ಇತ್ತು. ನಾಗರಿ ಅಥವಾ ಕೈಥಿ ಬಿಟ್ಟು ಬೇರೆ ಅಕ್ಷರ ಕಾಣದ ಹಳ್ಳಿಯ ಮಕ್ಕಳಿಗೆ ಫಾರಸಿ ಲಿಪಿಯ ವಿಜ್ಞಾನ ಇಂಗ್ಲಿಷಿನಷ್ಟೇ ದೂರ. ಒಂದೇ ಅನುವಾದವನ್ನು ಎರಡು ಲಿಪಿಯಲ್ಲಿ ಅಚ್ಚು ಹಾಕುವ ದಾರಿಯನ್ನು ಗಟ್ಟಿಯಾಗಿ ಹಿಡಿದವರು ಎರಡೂ ಕಡೆ ಕಾಣಿಸುವುದಿಲ್ಲ. ಉರ್ದು ಬರೀ ಮುಸ್ಲಿಮರದು ಎಂದು ಆಗ ಯಾರೂ ಹೇಳುವಂತಿರಲಿಲ್ಲ. ಧರ್ಮನಾರಾಯಣರ, ರಾಮಚಂದ್ರರ, ಜೈಕಿಶನ್ ದಾಸರ ಕೈಬರಹವೇ ಅದಾಗಿತ್ತು. ಜಗಳ ಬೆಳೆದಂತೆ ಅದು ಮುಸ್ಲಿಮರದು ಎಂದು ಎರಡೂ ಕಡೆಯವರು ಒಪ್ಪಿಕೊಳ್ಳುತ್ತ ಹೋದರು. ಉರ್ದು ಶಾಲೆಯಲ್ಲೂ ಕನ್ನಡ ಶಾಲೆಯಲ್ಲೂ ಓದಿದ ನನ್ನಂಥವರಿಗೆ ಈ ಒಪ್ಪಂದದ ಬೆಲೆ ಏನೆಂದು ಚೆನ್ನಾಗಿ ಗೊತ್ತು.

ಮನಸ್ಸು ಬದಲಾದಾಗ

ಲಂಡನಿನಿಂದ ಹಿಂದಿರುಗಿದ ಸಯ್ಯದರು ಬೇರೆಯೇ ಮನುಷ್ಯ. 1870ರ ಡಿಸೆಂಬರಿನಲ್ಲಿ ಅವರು 'ತಹ್‌ಝೀಬುಲ್ ಅಖ್ಲಾಖ್' ಎಂಬ ಹೊಸ ಪತ್ರಿಕೆ ಆರಂಭಿಸಿದರು. ಅದು ನೇರವಾಗಿ ಮುಸ್ಲಿಮ್ ಸಮಾಜದ ಸುಧಾರಣೆಗಾಗಿ. ಧರ್ಮದ ಚರ್ಚೆಯೂ ಅದರಲ್ಲಿತ್ತು. ಸೊಸೈಟಿ ಹೊರಗಿಟ್ಟಿದ್ದ ವಿಷಯಕ್ಕೆ ಬೇರೊಂದು ಮನೆಯೇ ಸಿಕ್ಕಿತು. ಆಮೇಲೆ ಕಾಲೇಜಿನ ಕೆಲಸ ಅವರ ಉಸಿರಾಯಿತು. ಕಾಲೇಜಿನ ಮಾಧ್ಯಮ ಇಂಗ್ಲಿಷ್.

1882ರಲ್ಲಿ ಹಂಟರ್ ಶಿಕ್ಷಣ ಆಯೋಗದ ಮುಂದೆ ಸಾಕ್ಷ್ಯ ಹೇಳುವಾಗ ಅವರು ಸೊಸೈಟಿಯ ಕಾಲದ ತಮ್ಮ ನಂಬಿಕೆಯನ್ನು ಕೈಬಿಟ್ಟಿದ್ದಾಗಿ ಬಹಿರಂಗವಾಗಿಯೇ ಒಪ್ಪಿಕೊಂಡರು. ಅನುವಾದಗಳ ಮೂಲಕ ದೇಶಭಾಷೆಯಲ್ಲಿ ಉನ್ನತ ವಿದ್ಯೆ ಕೊಡಬಹುದೆಂದು ತಾವು ತಿಳಿದದ್ದು ತಪ್ಪು, ಇಂಗ್ಲಿಷೇ ದಾರಿ ಎಂಬುದು ಅವರ ಹೊಸ ನಿಲುವು. ಲಾಹೋರಿನಲ್ಲಿ ಪೂರ್ವದೇಶದ ಭಾಷೆಗಳಿಗೆ ಒತ್ತು ಕೊಡುವ ವಿಶ್ವವಿದ್ಯಾಲಯದ ಯೋಜನೆ ಬಂದಾಗ ಅದನ್ನು ಕಟುವಾಗಿ ವಿರೋಧಿಸಿದವರೂ ಅವರೇ. ದೇಶಭಾಷೆಯಲ್ಲಿ ಕಲಿಸಿ ನಮ್ಮನ್ನು ಕೆಳಗೇ ಇಡುವ ಹುನ್ನಾರ ಇದು ಎಂದು ಅವರಿಗೆ ಅನ್ನಿಸಿತ್ತು. ಇದನ್ನು ಸೋಲು ಎನ್ನುವುದು ಸುಲಭ. ನೌಕರಿ, ನ್ಯಾಯಾಲಯ, ಅಧಿಕಾರ ಎಲ್ಲವೂ ಇಂಗ್ಲಿಷಿನಲ್ಲಿರುವಾಗ ಉರ್ದುವಿನಲ್ಲಿ ಟಾಡ್‌ಹಂಟರ್ ಓದಿದ ಹುಡುಗ ಎಲ್ಲಿಗೆ ಹೋಗಬೇಕು ಎಂಬ ಅವರ ಪ್ರಶ್ನೆಯನ್ನು ಮಾತ್ರ ಬದಿಗೆ ತಳ್ಳುವಂತಿಲ್ಲ.

ಸೊಸೈಟಿ ಸದ್ದಿಲ್ಲದೆ ಬತ್ತಿಹೋಯಿತು. 1876ರಲ್ಲಿ ನಿವೃತ್ತರಾಗಿ ಅಲಿಗಢದಲ್ಲಿ ನೆಲೆಸಿದ ಸಯ್ಯದರ ಕೈಗೆ ಗೆಝೆಟ್ ಮರಳಿತು. ಮೊದಲು ವಾರಕ್ಕೊಮ್ಮೆ ಬರುತ್ತಿದ್ದುದು ಆಮೇಲೆ ವಾರಕ್ಕೆರಡು ಬಾರಿ ಬರತೊಡಗಿತು. ಕಾಲೇಜಿನ ಸುದ್ದಿ, ಕಾಲೇಜಿನ ಚಂದಾ, ಕಾಲೇಜಿನ ವಾದವಿವಾದಗಳು ಅದರ ತುಂಬ ಬಂದವು. 1898ರ ಮಾರ್ಚ್ 27ರಂದು ಸಯ್ಯದರು ತೀರಿಕೊಂಡ ಮೇಲೂ ಅದೇ ಹೆಸರಿನಲ್ಲಿ ಪತ್ರಿಕೆ ಮುಂದುವರಿಯಿತು. ಹೀಗೆ ಇನ್‌ಸ್ಟಿಟ್ಯೂಟ್ ಎಂಬ ಪದದ ಅರ್ಥ ಕಟ್ಟಡದಿಂದ ಕಾಲೇಜಿಗೆ ಜಾರಿತು. ಯಾರೂ ಅದನ್ನು ಬದಲಾಯಿಸಲಿಲ್ಲ. ಹೊಸಬರು ಬಂದು ಹೊಸ ಅರ್ಥದಲ್ಲಿ ಓದಿದರು, ಅಷ್ಟೆ. ಅರ್ಥ ಜಾರಿದ್ದರಿಂದ ಅಲಿಗಢವನ್ನು ದ್ವೇಷಿಸುವವರಿಗೂ ಅನುಕೂಲವಾಯಿತು, ಪೂಜಿಸುವವರಿಗೂ ಅನುಕೂಲವಾಯಿತು. ಮೊದಲಿನಿಂದಲೂ ಅದು ಮುಸ್ಲಿಮರದೊಂದೇ ಕತೆ ಎಂದು ಇಬ್ಬರೂ ಹೇಳಬಹುದಾಯಿತು. ಅಲಿಗಢ ವಿಶ್ವವಿದ್ಯಾಲಯದ ಪ್ರೊಫೆಸರ್ ಅಸ್ಗರ್ ಅಬ್ಬಾಸರು ಗೆಝೆಟಿನ ಹಳೆಯ ಸಂಚಿಕೆಗಳನ್ನು ಕೂತು ಓದಿ ಬರೆದ ಗ್ರಂಥ 2015ರಲ್ಲಿ ಇಂಗ್ಲಿಷಿಗೂ ಬಂತು. ಹಾಗೆ ಕೂತು ಓದಿದವರ ದೆಸೆಯಿಂದ ಸೊಸೈಟಿಯ ಮುಖ ನಮಗೆ ಇಷ್ಟಾದರೂ ಕಾಣುತ್ತಿದೆ.

ಪತ್ರಿಕೆಯ ನಂತರದ ಸಂಪಾದಕರಲ್ಲಿ ಒಬ್ಬರು ಪಾನಿಪತ್ತಿನ ಮೌಲವಿ ವಹೀದುದ್ದೀನ್ ಸಲೀಮ್. ಅವರು ಮುಂದೆ ಹೈದರಾಬಾದಿಗೆ ಹೋದರು. ಅಲ್ಲಿ 1917ರಲ್ಲಿ ಮೌಲವಿ ಅಬ್ದುಲ್ ಹಖ್ಖರ ನೇತೃತ್ವದಲ್ಲಿ ದಾರುತ್ತರ್ಜುಮಾ, ಅಂದರೆ ಅನುವಾದ ಭವನ, ಆರಂಭವಾಗಿತ್ತು; 1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ಅಲಿಗಢದವರು 1867ರಲ್ಲಿ ಬೇಡಿ, 1882ರಲ್ಲಿ ಬೇಡವೆಂದದ್ದು ನಿಝಾಮರ ರಾಜ್ಯದಲ್ಲಿ ನಡೆದೇಹೋಯಿತು. ಪಾರಿಭಾಷಿಕ ಪದಗಳನ್ನು ಅರಬ್ಬಿಯಿಂದ ಎಷ್ಟು ತರಬೇಕು, ಆಡುಮಾತಿನಿಂದ ಎಷ್ಟು ಕಟ್ಟಬೇಕು ಎಂಬ ಪ್ರಶ್ನೆ ಎದ್ದಾಗ ವಹೀದುದ್ದೀನ್ ಸಲೀಮರು ಪದಗಳನ್ನು ಟಂಕಿಸುವ ಶಾಸ್ತ್ರದ ಮೇಲೆ ಒಂದು ಪುಸ್ತಕವನ್ನೇ ಬರೆದರು. 'ವಝ್ಏ ಇಸ್ತಿಲಾಹಾತ್' ಎಂಬ ಆ ಪುಸ್ತಕ ಅಚ್ಚಾದದ್ದು 1921ರಲ್ಲಿ. ಉರ್ದುವಿನ ಮೂಲ ಸ್ವಭಾವ ಆರ್ಯ ಭಾಷೆಯದು, ಪದ ಕಟ್ಟುವಾಗ ಅದನ್ನು ಮರೆಯಬಾರದು ಎಂಬುದು ಅವರ ವಾದ.

ಬೀದರ, ಕಲಬುರಗಿ, ರಾಯಚೂರು ಆಗ ಅದೇ ರಾಜ್ಯದ ಜಿಲ್ಲೆಗಳು. ಅಲ್ಲಿಂದ ಉಸ್ಮಾನಿಯಾಕ್ಕೆ ಹೋದ ಹುಡುಗರು, ಮನೆಯಲ್ಲಿ ಕನ್ನಡ ಮಾತನಾಡುವವರು, ಲಿಂಗಾಯತರು, ಬ್ರಾಹ್ಮಣರು, ಮುಸ್ಲಿಮರು, ಭೌತಶಾಸ್ತ್ರವನ್ನು 'ತಬೀಇಯ್ಯಾತ್' ಎಂದೂ ಗಣಿತವನ್ನು 'ರಿಯಾಝೀ' ಎಂದೂ ಉರ್ದುವಿನಲ್ಲೇ ಓದಿ ಪದವಿ ಪಡೆದರು. 1948ರಲ್ಲಿ ಹೈದರಾಬಾದ್ ಭಾರತ ಒಕ್ಕೂಟಕ್ಕೆ ಸೇರಿದ ನಂತರ ಉಸ್ಮಾನಿಯಾದ ಮಾಧ್ಯಮ ಇಂಗ್ಲಿಷಾಯಿತು. ಕಲ್ಯಾಣ ಕರ್ನಾಟಕದ ಹಳೆಯ ಮನೆಗಳ ಅಟ್ಟದಲ್ಲಿ ಫಾರಸಿ ಲಿಪಿಯ ಭೌತಶಾಸ್ತ್ರ, ರಸಾಯನಶಾಸ್ತ್ರದ ಪುಸ್ತಕ ಸಿಕ್ಕಿದರೆ ಅದನ್ನು ಕುರ್‌ಆನ್ ಎಂದು ಭಾವಿಸಿ ಮಸೀದಿಗೆ ಒಪ್ಪಿಸುವ ಮೊದಲು, ಒಳಗೆ ತ್ರಿಕೋನದ ಚಿತ್ರವೋ ವಿದ್ಯುತ್ ಕೋಶದ ಚಿತ್ರವೋ ಇದೆಯೇ ಎಂದು ಒಮ್ಮೆ ಪುಟ ತಿರುವಿ ನೋಡುವುದು ಒಳ್ಳೆಯದು.